ಸ್ವಂತ ಮಗಳಿಗೆ ಕೃತಜ್ಞತೆ ಹೇಳುವುದು ಯಾವ ಮಾತಿನಲ್ಲಿ?

ಪ್ರಶ್ನೆ: ಸಾಗರ ಸೀಮೆಯ ತಂದೆ

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಬರುವ ಜೂನ್ ತಿಂಗಳಲ್ಲಿ ಪಿಯುಸಿಗೆಂದು ಶಿವಮೊಗ್ಗದ ಹಾಸ್ಟೆಲ್ ಸೇರಲಿದ್ದಾಳೆ. ಹೊರಡುವ ಮೊದಲು ಅವಳಿಗೆ ಒಂದು ಮಾತು ಹೇಳಬೇಕೆಂದಿದ್ದೇನೆ, ಆದರೆ ಯಾವ ಮಾತೆಂದು ತಿಳಿಯದೆ ನಿಮ್ಮನ್ನು ಕೇಳುತ್ತಿದ್ದೇನೆ.

ಎರಡು ವರ್ಷದ ಹಿಂದೆ, ತನ್ನ ತಾಯಿಯ ಶಸ್ತ್ರಚಿಕಿತ್ಸೆಗೆಂದು ನನ್ನ ಹೆಂಡತಿ ತವರಿಗೆ ಹೋಗಿದ್ದ ವಾರದಲ್ಲಿ, ಮಗಳು ಮೊದಲ ಬಾರಿ ಮುಟ್ಟಾದಳು. ಅಮ್ಮ ಬರಲೆಂದು ಮುಚ್ಚಿಟ್ಟುಕೊಳ್ಳದೆ, ಪಕ್ಕದ ಮನೆಯ ಚಿಕ್ಕಮ್ಮನ ಬಳಿಗೂ ಹೋಗದೆ, ಅಡಿಕೆ ಸುಲಿಯುತ್ತ ಕುಳಿತಿದ್ದ ನನ್ನ ಹತ್ತಿರ ಬಂದು ನೇರವಾಗಿ ಹೇಳಿದಳು. ನಾನು ಮೆಟ್ಟುಗತ್ತಿ ಬಿಟ್ಟೆದ್ದು ಪೇಟೆಯ ಔಷಧಿ ಅಂಗಡಿಗೆ ಹೋದೆ. ಅಂಗಡಿಯವರು ಪ್ಯಾಡಿನ ಪೊಟ್ಟಣವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟಿದ್ದರು. ಅದನ್ನು ನೋಡಿ ಅವಳು, "ಅಪ್ಪಾ, ಇದನ್ನೇಕೆ ಹೀಗೆ ಬಚ್ಚಿಟ್ಟುಕೊಂಡು ಬಂದೆ?" ಎಂದು ಕೇಳಿದಳು. ಅಮ್ಮನೂ ಅಕ್ಕಂದಿರೂ ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದ ಮನೆಯಲ್ಲಿ ಬೆಳೆದ ನನ್ನ ಬಳಿ ಉತ್ತರವಿರಲಿಲ್ಲ. ಆ ಹಾಳೆಯನ್ನು ಬಚ್ಚಲ ಒಲೆಗೆ ಹಾಕಿದೆ. ಆ ರಾತ್ರಿಯೂ ಅವಳು ಎಂದಿನಂತೆ ಸುಲಿತದ ಚಪ್ಪರದಲ್ಲಿ ನನ್ನ ಪಕ್ಕದಲ್ಲೇ ಕುಳಿತು ಪಾಠ ಓದಿಕೊಂಡಳು.

ಆ ನಂಬಿಕೆಯನ್ನು ನಾನು ಗಳಿಸಿದೆನೆಂದು ಹೇಳಲಾರೆ, ಅದು ಅವಳಾಗಿಯೇ ಕೊಟ್ಟದ್ದು. 'ಧನ್ಯವಾದ' ಎಂದರೆ ಮನೆಯ ಮಗಳನ್ನು ಹೊರಗಿನವಳಂತೆ ಕಂಡ ಹಾಗಾಗುತ್ತದೆ. 'ಥ್ಯಾಂಕ್ಸ್' ಎಂದರೆ ತೀರಾ ಹಗುರವಾಗುತ್ತದೆ. ಅಜ್ಜನ ಕಾಲದಿಂದ ಬಂದ ತೋಟದ ಒಂದು ಭಾಗವನ್ನು ಅವಳ ಹೆಸರಿಗೆ ಬರೆದು, ಹೇಳಬೇಕಾದದ್ದನ್ನು ಹಾಗೆಯೇ ತಿಳಿಸಲೇ ಎಂದೂ ಯೋಚಿಸಿದ್ದೇನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಉತ್ತರ: ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು

ಮಾನ್ಯರೇ, 'ಕೃತಜ್ಞ' ಎಂಬ ಪದದಲ್ಲಿ 'ಕೃತ' ಎಂದರೆ ಮಾಡಿದ್ದು, 'ಜ್ಞ' ಎಂದರೆ ಬಲ್ಲವನು. ಮಾಡಿದ್ದನ್ನು ಅರಿತು ನೆನಪಿನಲ್ಲಿ ಉಳಿಸಿಕೊಂಡವನು ಎಂಬಷ್ಟೇ ಅದರ ಅರ್ಥ. ವಂದನೆ ಸಲ್ಲಿಸುವ ಉಪಚಾರ ಅದರೊಳಗಿಲ್ಲ. ಆದ್ದರಿಂದ ನೀವು ಇಲ್ಲಿ ಬರೆದದ್ದನ್ನೇ ಅವಳಿಗೊಂದು ಕಾಗದವಾಗಿ ಬರೆಯಿರಿ ಎಂಬುದು ನನ್ನ ಸಲಹೆ. 1928ರ ಬೇಸಿಗೆಯಲ್ಲಿ ಅಲಹಾಬಾದಿನಲ್ಲಿದ್ದ ಜವಾಹರಲಾಲ್ ನೆಹರೂ, ಮಸ್ಸೂರಿಯಲ್ಲಿದ್ದ ಹತ್ತು ವರ್ಷದ ಮಗಳಿಗೆ ಬರೆದ ಕಾಗದಗಳಲ್ಲಿ ಭೂಮಿ ಹುಟ್ಟಿದ ಬಗೆ, ಮೊದಲ ಜೀವಿಗಳು, ಮನುಷ್ಯ ಬೇಸಾಯ ಕಲಿತ ಕಥೆ ಇವೇ ತುಂಬಿವೆ. ಮಗಳನ್ನು ತನ್ನ ಸಮಕ್ಕೆ ಕೂರಿಸಿಕೊಂಡು ಲೋಕದ ವಿಷಯ ಮಾತನಾಡುವುದರಲ್ಲೇ ಆ ತಂದೆಯ ಮಮತೆ ಕಾಣುತ್ತದೆ. ನೀವು ಭೂಮಿಯ ಕಥೆ ಬರೆಯಬೇಕಿಲ್ಲ. ಸುಲಿತದ ಚಪ್ಪರದ ಆ ಸಂಜೆಯೊಂದು ಸಾಕು.

ಉತ್ತರ: ತೋಟಗಾರ, ಶಿರಸಿ

ತೋಟದ ಮಾತಿಗೆ ಮಾತ್ರ ಹೇಳುತ್ತೇನೆ. ಅಜ್ಜನಿಂದ ಬಂದದ್ದು ಅವಿಭಕ್ತ ಕುಟುಂಬದ ಆಸ್ತಿಯಾಗಿದ್ದರೆ ಅದರಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಹುಟ್ಟಿನಿಂದಲೇ ಇದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಯಲ್ಲಿದೆ, ಸುಪ್ರೀಂ ಕೋರ್ಟ್ 2020ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಅವಳದೇ ಆದದ್ದನ್ನು ಅವಳಿಗೆ ಉಡುಗೊರೆಯೆಂದು ಕೊಡಬೇಡಿ ಅಣ್ಣ. ಪಾಲನ್ನು ಪಾಲಾಗಿಯೇ ತಿಳಿಸಿ, ಮನಸ್ಸಿನ ಮಾತನ್ನು ಬೇರೆಯಾಗಿ ಹೇಳಿ.

ಉತ್ತರ: ಒಬ್ಬ ಮಗಳು, ಹುಬ್ಬಳ್ಳಿ

ನನ್ನ ಅಪ್ಪ ನನ್ನನ್ನು ಇಂದಿಗೂ 'ಅವ್ವಾ' ಎಂದೇ ಕರೆಯುತ್ತಾರೆ. ನಾನು ಓದಲು ಊರು ಬಿಟ್ಟ ದಿನ ಬಸ್ ನಿಲ್ದಾಣದಲ್ಲಿ ಅವರು, "ನೀನಿಲ್ಲದೆ ನಾನು ಹೇಗಿರಲವ್ವಾ" ಎಂದರು. ಪ್ರೀತಿಯಿಂದಲೇ ಆಡಿದ ಮಾತು ಅದು, ಆದರೂ ಮೊದಲ ವರ್ಷವಿಡೀ ನಾನು ಅದನ್ನು ಹೊತ್ತುಕೊಂಡು ತಿರುಗಿದೆ. ಸ್ನೇಹಿತೆಯರೊಡನೆ ನಕ್ಕಾಗಲೆಲ್ಲ ತಪ್ಪು ಮಾಡಿದಂತೆನಿಸುತ್ತಿತ್ತು. ಆದ್ದರಿಂದ ಕಾಕಾ, ನಿಮ್ಮಲ್ಲಿ ನನ್ನದೊಂದು ಕೋರಿಕೆಯಿದೆ. ಹೊರಡುವ ದಿನದವರೆಗೆ ಕಾಯದೆ ಈಗಲೇ, ಸಾಮಾನ್ಯವಾದ ಒಂದು ದಿನದಲ್ಲಿ ಹೇಳಿ. ಅವಳಿಲ್ಲದೆ ಮನೆ ಹೇಗಾದೀತು ಎಂಬುದನ್ನು ಅದರೊಳಗೆ ಸೇರಿಸಬೇಡಿ. ಅವಳು ನಿಮಗೆ ಏನು ಕೊಟ್ಟಳು ಎಂಬುದಷ್ಟೇ ಅವಳಿಗೆ ತಿಳಿಯಲಿ. ಅದಕ್ಕೆ ಪ್ರತಿಯಾಗಿ ತಾನು ಏನೋ ಸಲ್ಲಿಸಬೇಕೆಂಬ ಭಾರ ಅವಳಿಗೆ ಬೇಡ.

ಇನ್ನೊಂದು ಮಾತು: ಅವಳು ಕೇಳಿದ ಪ್ರಶ್ನೆಗೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರ ಉತ್ತರವನ್ನೂ ಎರಡೆರಡು ಬಾರಿ ಓದಿದೆ. ಹುಬ್ಬಳ್ಳಿಯ ತಂಗಿಯ ಕೊನೆಯ ಸಾಲು ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ನಿನ್ನೆ ಸಂಜೆ ಮಗಳು ಚಹಾ ತಂದಾಗ, ಪತ್ರಿಕೆಯ ಹಾಳೆಯ ವಿಷಯ ನೆನಪಿದೆಯೇ ಎಂದು ಕೇಳಿದೆ. ನೆನಪಿದೆ ಎಂದಳು. "ಆ ದಿನ ನನಗೆ ನಾಚಿಕೆಯಾಗಿತ್ತು, ನಿನಗೆ ಆಗಿರಲಿಲ್ಲ. ನೀನು ಬಂದು ಹೇಳಿದ್ದರಿಂದ ನನ್ನ ನಾಚಿಕೆಯೂ ಹೋಯಿತು ಮಗಳೇ" ಎಂದೆ. ಅವಳು ಏನನ್ನೂ ಹೇಳದೆ ಒಂದು ಮಣೆ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. ಕಾಗದವನ್ನೂ ಬರೆಯುತ್ತೇನೆ.