ಕ್ರೂಸ್‌ನಲ್ಲಿ ಕಿಟಕಿ ಇಲ್ಲದ ಕ್ಯಾಬಿನ್ ತಗೊಳ್ಳಬಹುದಾ? ಹೋಗಿ ಬಂದವರು ಹೇಳಿ

ಪ್ರಶ್ನೆ

ಡಿಸೆಂಬರ್ ರಜೆಗೆ ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ಬರುವ ನಾಲ್ಕು ರಾತ್ರಿಯ ಕ್ರೂಸ್ ಯೋಚಿಸಿದ್ದೇವೆ. ನಾವಿಬ್ಬರು, ಒಂಬತ್ತು ವರ್ಷದ ಮಗ, ಅತ್ತೆ, ಮಾವ. ಬಾಲ್ಕನಿ ಬಿಟ್ಟು ಹಡಗಿನ ಒಳಭಾಗದ, ಕಿಟಕಿಯೇ ಇಲ್ಲದ ಕ್ಯಾಬಿನ್ ತಗೊಂಡರೆ ಎರಡು ರೂಮಿಗೆ ಸೇರಿ 80 ಸಾವಿರದ ಹತ್ತಿರ ಉಳಿಯುತ್ತದೆ. ನಮ್ಮ ಮನೆಯವರು "ಮಲಗೋಕೆ ತಾನೇ" ಅಂತಾರೆ. ನನಗೆ ಉಸಿರು ಕಟ್ಟುತ್ತೇನೋ ಅಂತ ಭಯ. ಅತ್ತೆಗೆ ಬಸ್ಸಿನಲ್ಲೇ ವಾಂತಿ ಆಗುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿ.

ಬೆಂಗಳೂರಿನಿಂದ

ನಾವು ಹೋಗಿದ್ದು ಇದೇ ದಾರಿ, ಇದೇ ಥರದ ಕ್ಯಾಬಿನ್. ಉಸಿರಿನ ಚಿಂತೆ ಬಿಡಿ. ಎಸಿ ಡಕ್ಟ್‌ನಿಂದ ಗಾಳಿ ಬರುತ್ತಲೇ ಇರುತ್ತದೆ. ಕಿಟಕಿ ಇರುವ ರೂಮಿನಲ್ಲೂ ಗಾಜು ತೆರೆಯೋಕೆ ಬರಲ್ಲ.

ಕಷ್ಟ ಇರುವುದು ಕತ್ತಲೆಯದು. ದೀಪ ಆರಿಸಿದರೆ ನಮ್ಮ ಕೈ ನಮಗೇ ಕಾಣಲ್ಲ. ಮೊದಲ ರಾತ್ರಿ ನಮ್ಮಮ್ಮ ಎರಡೂವರೆಗೆ ಎದ್ದು, ಸ್ನಾನ ಮಾಡಿ, ಸೀರೆ ಉಟ್ಟು, ಕುಂಕುಮ ಇಟ್ಟುಕೊಂಡು ಮಂಚದ ತುದಿಯಲ್ಲಿ ಕೂತು "ಕಾಫಿ ಎಷ್ಟು ಹೊತ್ತಿಗೆ ಕೊಡ್ತಾರೆ?" ಅಂದರು. ಫೋನ್ ತೋರಿಸಿದರೂ ನಂಬಲಿಲ್ಲ. ಬಾಗಿಲು ತೆಗೆದು ಇಣುಕಿದರು. ಕಾರಿಡಾರಿನಲ್ಲಿ ಹಗಲೂ ರಾತ್ರಿ ಒಂದೇ ಬೆಳಕು, ಅದರಿಂದಲೂ ಏನೂ ಗೊತ್ತಾಗಲಿಲ್ಲ. ಮಾರನೇ ರಾತ್ರಿಯಿಂದ ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ಚಾನೆಲ್ ಹಾಕಿ, ಸೌಂಡ್ ತೆಗೆದು ಬಿಟ್ಟೆವು. ರಾತ್ರಿಯೆಲ್ಲ ಕಪ್ಪು, ಬೆಳಗಾದರೆ ನೀಲಿ. ಎಲ್ಲ ಹಡಗಿನಲ್ಲೂ ಈ ಚಾನೆಲ್ ಇರಲ್ಲ, ಕೇಳಿ ನೋಡಿ. ಇಲ್ಲದಿದ್ದರೆ ಬಾತ್‌ರೂಮಿನ ಲೈಟ್ ಹಾಕಿ ಬಾಗಿಲು ಒಂದು ಬೆರಳಷ್ಟು ತೆರೆದಿಡಿ.

ಇನ್ನೊಂದು ವಿಷಯ. ಫುಕೆಟ್‌ನ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ದಡದ ನೆಟ್‌ವರ್ಕ್ ಸಿಕ್ಕಿದ ಕೂಡಲೇ ಫೋನ್ ತಾನೇ ಬದಲಾಗುತ್ತದೆ, ಹಡಗಿನ ಗಡಿಯಾರ ಬದಲಾಗದೆಯೂ ಇರಬಹುದು. ಫೋನ್ ನಂಬಿಕೊಂಡು ಫುಕೆಟ್‌ನಲ್ಲಿ ಶಾಪಿಂಗ್ ಮಾಡುತ್ತಾ ನಿಂತರೆ ಹಡಗು ಹೊರಟೇ ಹೋಗುತ್ತದೆ. ಹಳೇ ಕೈಗಡಿಯಾರ ಒಂದು ತಗೊಂಡು ಹೋಗಿ, ಹಡಗಿನ ಟೈಮಿಗೆ ಇಟ್ಟುಕೊಳ್ಳಿ.

ಉಡುಪಿಯಿಂದ

ನಾನು ಹಡಗಿನ ಅಡುಗೆಮನೆಯಲ್ಲಿ ಹತ್ತು ವರ್ಷ ಇದ್ದವನು. ನಮ್ಮ ರೂಮು ನೀರಿನ ಮಟ್ಟಕ್ಕಿಂತ ಕೆಳಗೆ. ಮೇಲೊಂದು ಮಂಚ, ಕೆಳಗೊಂದು ಮಂಚ, ಇಬ್ಬರು ಜನ. ಕಿಟಕಿಯ ನೆನಪೇ ಆಗಲಿಲ್ಲ ಮಾರಾಯ್ರೆ, ಅಷ್ಟು ನಿದ್ದೆ.

ನಿಮ್ಮ ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಪಾರ್ಕಿನಲ್ಲಿ ಮಕ್ಕಳು ಎರಡು ಕಡೆ ಕೂತು ಏರಿಳಿಯುವ ಹಲಗೆ ಇದೆಯಲ್ಲ, ಹಡಗೂ ಹಾಗೇ. ತುದಿಗಳು ಏರಿಳಿಯುತ್ತವೆ, ನಡು ಅಲ್ಲಾಡುವುದು ಕಡಿಮೆ. ಮೇಲಿನ ಡೆಕ್‌ಗೆ, ಅಂದರೆ ಹಡಗಿನ ಮೇಲಿನ ಮಹಡಿಗೆ ಹೋದಷ್ಟೂ ತೂಗಾಟ ಜಾಸ್ತಿ. ಹಾಗಾಗಿ ವಾಂತಿ ಆಗುವವರಿಗೆ ಕೆಳಗಿನ ಡೆಕ್, ನಡುಭಾಗವೇ ಸರಿ. ಮುಂದಿನ ತುದಿಯಲ್ಲಿ, ಎತ್ತರದಲ್ಲಿ ದುಬಾರಿ ಬಾಲ್ಕನಿ ತಗೊಂಡು ಮೂರು ದಿನ ಹಾಸಿಗೆ ಬಿಟ್ಟು ಏಳದವರನ್ನು ನಾನೇ ನೋಡಿದ್ದೇನೆ.

ಆದರೆ ತಲೆಸುತ್ತು ಶುರುವಾದ ಮೇಲೆ ಒಳಗೆ ಕೂರಬೇಡಿ. ಕಿವಿಯ ಒಳಗಿನ ಅಂಗ "ಅಲ್ಲಾಡುತ್ತಿದ್ದೇವೆ" ಅನ್ನುತ್ತದೆ, ಕಣ್ಣು ಗೋಡೆ ನೋಡಿಕೊಂಡು "ಇಲ್ಲವಲ್ಲ" ಅನ್ನುತ್ತದೆ. ಆ ಜಗಳಕ್ಕೇ ವಾಂತಿ. ಹೊರಗಿನ ತೆರೆದ ಡೆಕ್‌ಗೆ ಕರೆದುಕೊಂಡು ಹೋಗಿ ಸಮುದ್ರ ಆಕಾಶ ಸೇರುವ ಗೆರೆ ನೋಡಲು ಹೇಳಿ. ಮಾತ್ರೆ ಕೆಲಸ ಮಾಡುವುದು ಮೊದಲೇ ನುಂಗಿದರೆ. ವಯಸ್ಸಾದವರಲ್ವಾ, ಬಿಪಿ ಶುಗರ್ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ. ಭಯ ಬೇಡ. ನಿಮ್ಮ ದಾರಿಯ ಮಲಾಕ್ಕಾ ಜಲಸಂಧಿಗೆ ಸುಮಾತ್ರಾ ದ್ವೀಪ ಒಂದು ಕಡೆ ಗೋಡೆಯ ಹಾಗೆ ಅಡ್ಡ ಇದೆ, ದೊಡ್ಡ ಅಲೆ ಕಡಿಮೆ. ಡಿಸೆಂಬರ್‌ನಲ್ಲಿ ಫುಕೆಟ್ ಕಡೆಯೂ ಸಾಮಾನ್ಯವಾಗಿ ಶಾಂತ. ಅಲ್ಲಿ ಕಡಲು ಕೆರಳುವುದು ನಮ್ಮ ಮಳೆಗಾಲದ ಹೊತ್ತಿಗೇ.

ಬುಕ್ ಮಾಡುವ ಮೊದಲು ಡೆಕ್ ಪ್ಲಾನ್ ತೆಗೆದು ನಿಮ್ಮ ಕ್ಯಾಬಿನ್ನಿನ ಮೇಲೆ ಏನಿದೆ, ಕೆಳಗೆ ಏನಿದೆ ನೋಡಿ. ಮೇಲೆ ಈಜುಕೊಳ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು. ಕೆಳಗೆ ಡಿಸ್ಕೊ ಇದ್ದರೆ ಕೇಳುವುದೇ ಬೇಡ. ಮೇಲೂ ಕೆಳಗೂ ಬರೀ ಕ್ಯಾಬಿನ್ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ.

ಹುಬ್ಬಳ್ಳಿಯಿಂದ

ಕಿಟಕಿ ಬೇಕು ಅಂತ ಜಾಸ್ತಿ ದುಡ್ಡು ಕೊಟ್ಟವರು ನಾವು. ಪರದೆ ಸರಿಸಿದರೆ ಎದುರಿಗೆ ಕಿತ್ತಳೆ ಬಣ್ಣದ ಲೈಫ್‌ಬೋಟ್. ನಾಲ್ಕು ದಿನ ಅದರ ಬೆನ್ನು ನೋಡಿಕೊಂಡು ಬಂದ್ವಿರೀ. "ನೋಟಕ್ಕೆ ಅಡ್ಡಿ ಇದೆ" ಅಂತ ಬುಕಿಂಗ್‌ನಲ್ಲಿ ಸಣ್ಣ ಅಕ್ಷರದಲ್ಲಿ ಇತ್ತಂತೆ.

ದಾವಣಗೆರೆಯಿಂದ

ನಾವು ಎಲೆಕ್ಟ್ರಿಕ್ ಕೆಟಲ್, ಅಗರಬತ್ತಿ ಎರಡೂ ಒಯ್ದಿದ್ದೆವು. ಬೆಂಕಿಯ ಭಯಕ್ಕೆ ಎರಡಕ್ಕೂ ಬಿಡಲ್ಲ. ಕೆಟಲ್‌ಗೆ ಚೀಟಿ ಕಟ್ಟಿ ಇಟ್ಟುಕೊಂಡು ಕೊನೇ ದಿನ ವಾಪಸ್ ಕೊಟ್ಟರು. ಅವಲಕ್ಕಿಗೆ ಬಿಸಿನೀರು ಊಟದ ಹಾಲ್‌ನಲ್ಲೇ ಸಿಕ್ಕಿತು. ಗೋಡೆ ಕಬ್ಬಿಣದ್ದು, ಅಂಟಿಸುವ ಆಯಸ್ಕಾಂತದ ಕೊಕ್ಕೆ ನಾಲ್ಕು ಒಯ್ಯಿರಿ. ರೂಮು ಅಂದರೆ 150 ಚದರಡಿ ಆಸುಪಾಸು, ಟವೆಲ್ ಹಾಕೋಕೂ ಜಾಗ ಹುಡುಕಬೇಕು. ಈಜಿ ಬಂದ ಒದ್ದೆ ಬಟ್ಟೆ ಚೆನ್ನಾಗಿ ಹಿಂಡದಿದ್ದರೆ ಮಾರನೇ ದಿನ ರೂಮೆಲ್ಲ ಮುಗ್ಗಲು ವಾಸನೆ.

ಸಿಂಗಪುರದಿಂದ

ಕಿಟಕಿ ಇಲ್ಲದ್ದರಲ್ಲೂ ಬೇರೆ ಬೇರೆ ಬಗೆ ಇದೆ. ರಾಯಲ್ ಕೆರಿಬಿಯನ್ ಅನ್ನುವ ಕ್ರೂಸ್ ಕಂಪನಿಯವರು 2014ರಲ್ಲಿ ಕ್ವಾಂಟಮ್ ಆಫ್ ದಿ ಸೀಸ್ ಹಡಗಿಗೆ "ವರ್ಚುವಲ್ ಬಾಲ್ಕನಿ" ತಂದರು. ಸುಮಾರು 80 ಇಂಚಿನ ಪರದೆ, ಹೊರಗಿನ ಸಮುದ್ರ ಲೈವ್ ಆಗಿ ಕಾಣುತ್ತದೆ, ಸುಳ್ಳು ಕಟಾಂಜನ ಬೇರೆ! ಇದು ಬಾಲ್ಕನಿಗಿಂತ ಅಗ್ಗ. ಇನ್ನು "ಗ್ಯಾರಂಟಿ" ಅಂತ ಇನ್ನೂ ಕಮ್ಮಿ ರೇಟಿಗೆ ಮಾರುತ್ತಾರಲ್ಲ, ಅದರಲ್ಲಿ ಕ್ಯಾಬಿನ್ ನಂಬರ್ ಅವರು ಕೊಟ್ಟಿದ್ದೇ. ಎರಡು ರೂಮು ಎರಡು ಮೂಲೆಗೆ ಬೀಳಬಹುದು. ಅತ್ತೆ ಮಾವ ಜೊತೆಗಿದ್ದರೆ ಅದರ ಸಹವಾಸ ಬೇಡ.

ಮೈಸೂರಿನಿಂದ

ಎಲ್ಲರೂ ಹೂಂ ಅಂತಿದ್ದಾರೆ, ನನ್ನದು ಬೇಡ ಅಂತ. ನನ್ನ ಗಂಡನಿಗೆ ಲಿಫ್ಟ್ ಹತ್ತಿದರೂ ಬೆವರುತ್ತದೆ ಅಂತ ಗೊತ್ತಿದ್ದೂ ಒಳಗಿನದು ತಗೊಂಡೆ. ಎರಡು ರಾತ್ರಿ ಅವರು ಡೆಕ್‌ನ ಕುರ್ಚಿಯಲ್ಲೇ ಮಲಗಿದರು. ಮನೆಯಲ್ಲೇ ಒಂದು ರಾತ್ರಿ ಪರೀಕ್ಷೆ ಮಾಡಿ. ಕಿಟಕಿಗೆ ಕಪ್ಪು ಬೆಡ್‌ಶೀಟ್ ಕಟ್ಟಿ, ಬಾಗಿಲ ಸಂದಿಗೆ ಟವೆಲ್ ಇಟ್ಟು ಮಲಗಿ. ಖರ್ಚಿಲ್ಲ.

ಪ್ರಶ್ನೆ ಕೇಳಿದವಳು

ಶನಿವಾರ ರಾತ್ರಿ ಬೆಡ್‌ಶೀಟ್ ಕಟ್ಟಿದೆವು. ಅತ್ತೆ ಮಾವ ಅವರ ರೂಮಿನಲ್ಲಿ ಏಳೂವರೆವರೆಗೆ ಗೊರಕೆ. ನಾನೂ ಮಗನೂ ಹಾಯಾಗಿ ಮಲಗಿದೆವು. ಮೂರು ಗಂಟೆಗೆ ಲೈಟ್ ಹಾಕಿ, ಬೆಡ್‌ಶೀಟ್ ಕಿತ್ತು, ಕಿಟಕಿ ತೆಗೆದು ನಿಂತವರು "ಮಲಗೋಕೆ ತಾನೇ" ಅಂದವರೇ.

ಅತ್ತೆ ಮಾವನಿಗೆ ಒಳಗಿನ ಕ್ಯಾಬಿನ್, ಕೆಳಗಿನ ಡೆಕ್, ನಡುಭಾಗ. ನಮಗೆ ಕಿಟಕಿಯದು. ಎದುರಿಗೆ ಲೈಫ್‌ಬೋಟ್ ಇಲ್ಲ ಅಂತ ಪ್ಲಾನ್‌ನಲ್ಲಿ ಎರಡೆರಡು ಸಲ ನೋಡಿದ್ದೇನೆ.