ಮೀನು ಬಿಡಬೇಡಿ, ಐಸ್ ಕೇಳಿ

ಎಲ್ಲರಿಗೂ ಸೇರಿಸಿ ಒಂದೇ ಉತ್ತರ ಹಾಕುತ್ತಿದ್ದೇನೆ. ವಾಯ್ಸ್ ಕಳಿಸೋಣ ಅಂದರೆ ಇಲ್ಲಿ ಮೆಷಿನ್ ಸದ್ದು, ಅದಕ್ಕೆ ಮಾತಾಡಿದ ಹಾಗೇ ಟೈಪ್ ಮಾಡಿದ್ದೇನೆ, ಉದ್ದ ಆಯಿತು ಅಂತ ಬೈಯಬೇಡಿ. ಚಿಕ್ಕಪ್ಪ ಬೆಳಿಗ್ಗೆ ಹಾಕಿದ ಫಾರ್ವರ್ಡ್ ನೋಡಿದೆ. ಕೊಚ್ಚಿ ಹತ್ತಿರ ಮುಳುಗಿದ ಹಡಗಿನಿಂದ ಕಡಲೆಲ್ಲ ವಿಷ ಆಗಿದೆ, ಒಂದು ವರ್ಷ ಮೀನು ಮುಟ್ಟಬೇಡಿ, ಎಲ್ಲರಿಗೂ ಕಳಿಸಿ ಅಂತ. ಮಳೆ ಶುರುವಾದರೆ ಇದು ಮತ್ತೆ ಸುತ್ತಲು ಹೊರಡುತ್ತದೆ. ಅದರ ಕೆಳಗೆ ಅತ್ತೆ, ಮೀನು ಕೆಡದ ಹಾಗೆ ಹಾಕುತ್ತಾರಲ್ಲ, ಆ ಫಾರ್ಮಲಿನ್ ರಾಸಾಯನಿಕದ ಬಗ್ಗೆ ಕೇಳಿದ್ದಾರೆ, ಬೆಂಗಳೂರಿನಿಂದ ಪುಟ್ಟಿ ಬಸುರಿಯರು ಮೀನು ತಿನ್ನಬಹುದಾ ಅಂತ ಕೇಳಿದ್ದಾಳೆ, ಭಾವ ನಗುವ ಮುಖ ಹಾಕಿ ಸುಮ್ನೆ ಕೂತಿದ್ದಾರೆ. ಮೀನು ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಮಾಡುವವಳು ಈ ಗ್ರೂಪಿನಲ್ಲಿ ನಾನೊಬ್ಬಳೇ, ಹಾಗಾಗಿ ಹೇಳಲೇಬೇಕು.

ಹಡಗಿನ ವಿಷಯ ಮೊದಲು ಮುಗಿಸೋಣ. ಎಂಎಸ್‌ಸಿ ಎಲ್ಸಾ 3 ಅನ್ನುವ ಹಡಗು 2025ರ ಮೇ 25ರಂದು ಮುಳುಗಿದ್ದು ನಿಜ. ಅದರಲ್ಲಿ 640 ಕಂಟೇನರ್ ಇತ್ತು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್, ಟ್ಯಾಂಕಿನಲ್ಲಿ ಸುಮಾರು 367 ಟನ್ ಫರ್ನೆಸ್ ಆಯಿಲ್. ತಿರುವನಂತಪುರದ ಕಡೆ ದಡಕ್ಕೆ ಪ್ಲಾಸ್ಟಿಕ್ ಕಾಳು ರಾಶಿ ರಾಶಿ ಬಂದು ಬಿದ್ದದ್ದೂ ನಿಜ. ಹಡಗಿನ ಸುತ್ತ 20 ನಾಟಿಕಲ್ ಮೈಲಿ ಒಳಗೆ ಮೀನು ಹಿಡಿಯಬಾರದು ಅಂತ ಕೇರಳದಲ್ಲಿ ಆದೇಶ ಆಯಿತು, ಅದು ಸರಿಯಾದ ಕೆಲಸ. ಆದರೆ ಕಾರ್ಬೈಡ್ ನೀರಿಗೆ ಬಿದ್ದರೆ ಅಸಿಟಿಲೀನ್ ಗ್ಯಾಸ್ ಆಗಿ ಮೇಲೆ ಹೋಗುತ್ತದೆ, ಕೆಳಗೆ ಉಳಿಯುವುದು ಸುಣ್ಣ. ಹತ್ತಿರ ಹೋದವರಿಗೆ ಬೆಂಕಿಯ ಭಯ ಇದೆ, ಬಂಗುಡೆಯ ಮೈಯಲ್ಲಿ ಕೂತು ನಮ್ಮ ಬಟ್ಟಲಿಗೆ ಬರುವ ವಸ್ತು ಅದಲ್ಲ. ತಮಾಷೆ ಏನು ಗೊತ್ತಾ, ಅದೇ ಕಾರ್ಬೈಡನ್ನು ಕಾಗದದಲ್ಲಿ ಕಟ್ಟಿ ಇಟ್ಟು ಮಾವಿನಕಾಯಿ ಹಣ್ಣು ಮಾಡುತ್ತಾರೆ. ಆರ್ಸೆನಿಕ್ ಅಂಶ ಇರುತ್ತದೆ ಅಂತ ಕಾನೂನಿನಲ್ಲಿ ನಿಷೇಧ ಆಗಿ ಎಷ್ಟೋ ವರ್ಷ ಆಯಿತು. ಮೇ ತಿಂಗಳಿಡೀ ಆ ಮಾವು ತಿಂದವರು ಜೂನ್‌ನಲ್ಲಿ ಮೀನಿಗೆ ಹೆದರುತ್ತಿದ್ದೇವೆ, ಅಲ್ವಾ ಚಿಕ್ಕಪ್ಪ?

ಅತ್ತೆ, ಫಾರ್ಮಲಿನ್ ಮಾತ್ರ ಸುಳ್ಳು ಸುದ್ದಿ ಅಲ್ಲ. 2018ರ ಜೂನ್‌ನಲ್ಲಿ ಕೇರಳದವರು ಆಪರೇಷನ್ ಸಾಗರ್ ರಾಣಿ ಅಂತ ಮಾಡಿ ಚೆಕ್‌ಪೋಸ್ಟಿನಲ್ಲಿ ಟನ್‌ಗಟ್ಟಲೆ ಮೀನು ಹಿಡಿದರು, ಮುಂದಿನ ತಿಂಗಳು ಗೋವಾದವರು ಹೊರಗಿನ ಮೀನು ಬರುವುದನ್ನೇ ಕೆಲವು ದಿನ ನಿಲ್ಲಿಸಿದರು. ತಿಂಗಳು ಗಮನಿಸಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರ್ನಾಟಕ ಕರಾವಳಿಯಲ್ಲಿ ಟ್ರಾಲ್ ಬೋಟ್, ಪರ್ಸೀನ್ ಬೋಟ್ ಅಂತ ದೊಡ್ಡ ಬಲೆಯ ಬೋಟ್ ಯಾವುದೂ ಇಳಿಯುವಂತಿಲ್ಲ, ನಾಡದೋಣಿ ಮಾತ್ರ. ಪೂರ್ವ ಕರಾವಳಿಯಲ್ಲಿ ನಿಷೇಧ ಜೂನ್ 14ಕ್ಕೆ ಮುಗಿಯುತ್ತದೆ, ಹಾಗಾಗಿ ಆಮೇಲೆ ನಮ್ಮ ಮಾರ್ಕೆಟಿಗೆ ಲಾರಿ ಬರುವುದು ಆ ಕಡೆಯಿಂದ. ದಾರಿ ಉದ್ದ, ಐಸಿಗೆ ದುಡ್ಡು ಬೇಕು, ಕರಗಿದರೆ ಮತ್ತೆ ಹಾಕಬೇಕು. ಐಸ್ ಉಳಿಸಲು ಹೊರಟವನೇ ಫಾರ್ಮಲಿನ್ ಬಾಟ್ಲಿ ಹಿಡಿಯುವುದು. ನೊಣ ಕೂರದಿದ್ದರೆ ಫಾರ್ಮಲಿನ್ ಅಂತ ಹೇಳುತ್ತಾರಲ್ಲ, ಅದನ್ನು ನಂಬಬೇಡಿ, ಚೆನ್ನಾಗಿ ಐಸ್ ಹಾಕಿದ ಮೀನಿನ ಮೇಲೂ ನೊಣ ಕಮ್ಮಿಯೇ. ಕೊಚ್ಚಿಯ ಕೇಂದ್ರ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು ಒಂದು ಕಿಟ್ ಮಾಡಿದ್ದಾರೆ, ಕಾಗದದ ಪಟ್ಟಿಯನ್ನು ಮೀನಿನ ಮೇಲೆ ಉಜ್ಜಿ ಒಂದು ಹನಿ ದ್ರಾವಣ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಬಣ್ಣದಿಂದ ಗೊತ್ತಾಗುತ್ತದೆ. ಇನ್ನೊಂದು, ಬೊಂಬಿಲ್, ಅರಣೆ ಮೀನು ಇಂಥವುಗಳಲ್ಲಿ ಯಾರೂ ಹಾಕದೆಯೂ ಸ್ವಲ್ಪ ಫಾರ್ಮಾಲ್ಡಿಹೈಡ್, ಫಾರ್ಮಲಿನ್‌ನಲ್ಲಿ ಇರುವ ಅದೇ ವಸ್ತು, ತಾನಾಗಿ ಹುಟ್ಟುತ್ತದೆ. ಅದನ್ನು ನೋಡಿ ಮಾರುವ ಹೆಂಗಸಿನ ಜೊತೆ ಜಗಳಕ್ಕೆ ಹೋಗಬೇಡಿ.

ಈಗ ನನ್ನ ಮುಖ್ಯ ವಿಷಯ. ನೀವು ಯಾರೂ ಕೇಳದ್ದು.

ಬಂಗುಡೆ, ಬೂತಾಯಿ, ಟ್ಯೂನಾ, ಈ ಕಪ್ಪು ಮಾಂಸದ ಮೀನುಗಳಲ್ಲಿ ಹಿಸ್ಟಿಡಿನ್ ಅಂತ ಒಂದು ಅಂಶ ಜಾಸ್ತಿ. ಮೀನು ಸತ್ತ ಮೇಲೆ ಬಿಸಿಯಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತದೆ. ನಮ್ಮ ಊರಿನ ಸೆಕೆಯಲ್ಲಿ ಅದಕ್ಕೆ ಕೆಲವು ಗಂಟೆ ಸಾಕು. ಒಮ್ಮೆ ಆಯಿತೆಂದರೆ ಮುಗಿಯಿತು, ತೊಳೆದರೂ ಹೋಗುವುದಿಲ್ಲ, ಕಾವಲಿಯಲ್ಲಿ ಕರುಂ ಕುರುಂ ಹುರಿದರೂ ಹೋಗುವುದಿಲ್ಲ, ಫ್ರೀಜರಿನಲ್ಲಿಟ್ಟರೆ ಹೆಚ್ಚಾಗುವುದು ನಿಲ್ಲುತ್ತದೆ ಅಷ್ಟೇ, ಆದದ್ದು ಹಾಗೇ ಇರುತ್ತದೆ. ವಾಸನೆ ಬಂದೇ ಬರಬೇಕು ಅಂತಲೂ ಇಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಗೆ, ಬಾಯಿ ಉರಿ, ಮೈ ತುರಿಕೆ, ತಲೆನೋವು, ಎದೆ ಡಬಡಬ. ಹೆಚ್ಚಿನವರಿಗೆ ಒಂದು ದಿನದೊಳಗೆ ಇಳಿಯುತ್ತದೆ, ದಮ್ಮು ಇರುವವರಿಗೆ ಜೋರಾಗಬಹುದು. ನಮ್ಮಲ್ಲಿ ಇದಕ್ಕೆ "ಬಂಗುಡೆ ನಂಜು, ನನಗೆ ಆಗುವುದಿಲ್ಲ" ಅಂತ ಹೇಳಿ ಮುಗಿಸುತ್ತಾರೆ. ನಿಜವಾದ ಅಲರ್ಜಿ ಇರುವವರೂ ಇದ್ದಾರೆ, ಅವರು ಡಾಕ್ಟರಿಗೆ ತೋರಿಸಿಯೇ ನಿರ್ಧಾರ ಮಾಡಬೇಕು. ಆದರೆ ಒಂದು ಸಲ ಬಂಗುಡೆ ತಿಂದು ಏನೂ ಆಗದೆ ಇನ್ನೊಂದು ಸಲ ಮೈಯೆಲ್ಲ ಕೆಂಪಾಗುತ್ತದೆ, ಅದೂ ಒಟ್ಟಿಗೆ ಊಟಕ್ಕೆ ಕೂತ ನಾಲ್ಕು ಮಂದಿಗೆ ಆಗುತ್ತದೆ ಅಂದರೆ ನನಗೆ ಅನುಮಾನ ಮೀನಿನ ಮೇಲೆ, ತಿಂದವರ ಮೇಲೆ ಅಲ್ಲ.

ಇದನ್ನು ಓದಿ ಸಿಟ್ಟು ಬಂದರೆ ಬರಲಿ. ಯುರೋಪಿಗೆ ಹೋಗುವ ಇಂಥ ಮೀನಿಗೆ ಒಂದು ಲಾಟಿಗೆ, ಅಂದರೆ ಒಟ್ಟಿಗೆ ಕಳಿಸುವ ಒಂದು ರಾಶಿಗೆ, 9 ಸ್ಯಾಂಪಲ್ ತೆಗೆಯಬೇಕು. ಸರಾಸರಿ ಹಿಸ್ಟಮಿನ್ ಕಿಲೋಗೆ 100 ಮಿಲಿಗ್ರಾಂ ದಾಟಬಾರದು, ಒಂದೇ ಒಂದು ಸ್ಯಾಂಪಲ್ 200 ದಾಟಿದರೂ ಇಡೀ ಲಾಟು ಹೋಯಿತು. ನಾವು ಅದಕ್ಕಾಗಿ ರಾತ್ರಿ ನಿದ್ದೆ ಬಿಟ್ಟು ಕೂತುಕೊಳ್ಳುತ್ತೇವೆ. ಅದೇ ಕಡಲಿನ, ಅದೇ ಬೋಟಿನ ಬಂಗುಡೆ ನಮ್ಮ ಪೇಟೆಯಲ್ಲಿ ಬಿಸಿಲಿಗೆ ಟಾರ್ಪಾಲ್ ಮೇಲೆ ಬಿದ್ದಿರುತ್ತದೆ, ಕೇಳುವವರು ಯಾರೂ ಇಲ್ಲ. ನಮ್ಮ ದೇಶದಲ್ಲೂ ಆಹಾರ ಸುರಕ್ಷತೆಯ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಮಿತಿ ಇಟ್ಟಿದೆ, ಇಲ್ಲ ಅಂತಲ್ಲ. ಕೊಳ್ಳುವವರು ರೇಟು ಕೇಳುತ್ತಾರೆ, ಐಸ್ ಕೇಳುವುದಿಲ್ಲ.

ಮನೆಯಲ್ಲೂ ನೋಡಿ. ಮೀನನ್ನು ಬೆಳಿಗ್ಗೆ ಒಂಬತ್ತಕ್ಕೆ ತೆಗೆದು, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸ್ಕೂಟರಿನ ಕೊಕ್ಕೆಗೆ ನೇತು ಹಾಕಿ, ಬ್ಯಾಂಕಿಗೆ ಹೋಗಿ, ಹಾಗೇ ಯಾರದೋ ಮನೆಯಲ್ಲಿ ಚಾ ಕುಡಿದು, ಮನೆಗೆ ಬರುವಾಗ ಹನ್ನೆರಡು. ಆಮೇಲೆ ಮಸಾಲೆ ಹಿಡಿಯಲಿ ಅಂತ ಮತ್ತೆ ಎರಡು ಗಂಟೆ ಅಡುಗೆಮನೆ ಕಟ್ಟೆ ಮೇಲೆ. ಮಸಾಲೆ ಹಚ್ಚಿದ್ದನ್ನು ಫ್ರಿಜ್ಜಿನಲ್ಲೇ ಇಡಿ, ಖಾರ ಅಲ್ಲೂ ಹಿಡಿಯುತ್ತದೆ. ಮಾರ್ಕೆಟಿಗೆ ಒಂದು ಐಸ್ ಡಬ್ಬ ತೆಗೆದುಕೊಂಡು ಹೋಗಿ, ಮೀನಿನಷ್ಟೇ ತೂಕದ ಐಸ್ ಹಾಕಿಸಿ. ಕಿವಿರು ಕೆಂಪಗಿದೆಯಾ, ಕಣ್ಣು ಉಬ್ಬಿ ಹೊಳೆಯುತ್ತಿದೆಯಾ, ಬೆರಳಲ್ಲಿ ಒತ್ತಿದರೆ ಗುಳಿ ಬೀಳದೆ ಏಳುತ್ತದೆಯಾ ನೋಡುವುದು ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತು.

ಪುಟ್ಟಿ, ನೀನು ಮೀನು ಬಿಡಬೇಡ. ಮಗುವಿನ ಮೆದುಳಿಗೆ ಒಳ್ಳೆಯದು, ಬೂತಾಯಿಯಷ್ಟು ಅಗ್ಗಕ್ಕೆ ಅಷ್ಟು ಒಳ್ಳೆಯ ಕೊಬ್ಬು ಇನ್ನೆಲ್ಲಿ ಸಿಗುತ್ತದೆ. ಪಾದರಸದ ಚಿಂತೆ ಇರುವುದು ದೊಡ್ಡ ಮೀನಿನಲ್ಲಿ. ಸಣ್ಣದನ್ನು ದೊಡ್ಡದು ತಿನ್ನುತ್ತದೆ, ವರ್ಷಗಟ್ಟಲೆ ಬದುಕುತ್ತದೆ, ಪಾದರಸ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಬೂತಾಯಿ, ಬಂಗುಡೆ, ಕೊಲ್ಲತರು ಇವೆಲ್ಲ ಸಣ್ಣವು, ಚೆನ್ನಾಗಿ ಬೇಯಿಸಿ ವಾರಕ್ಕೆ ಎರಡು ಸಲ ತಿನ್ನು. ದೊಡ್ಡ ಅಂಜಲ್ ಯಾವಾಗಲಾದರೊಮ್ಮೆ ಸಾಕು. ತಾಟೆ, ಅಂದರೆ ಶಾರ್ಕ್, ಬೇಡ. ಅತ್ತೆ ಈಗ ಕೋಪ ಮಾಡಿಕೊಳ್ಳುತ್ತಾರೆ, ಗೊತ್ತು, ಬಾಣಂತಿಗೆ ಹಾಲು ಬರಲು ತಾಟೆ ಕೊಡುವುದು ನಮ್ಮಲ್ಲಿ ಮೊದಲಿನಿಂದ ಇದೆ. ಅಮೆರಿಕದ ಆಹಾರ ಇಲಾಖೆಯವರು ಬಸುರಿಗೂ ಹಾಲೂಡಿಸುವವರಿಗೂ ಬೇಡ ಅನ್ನುವ ಪಟ್ಟಿಯಲ್ಲಿ ತಾಟೆ ಇದೆ. ಆಗ ಸಿಗುತ್ತಿದ್ದದ್ದು ದಡದ ಹತ್ತಿರದ ಮರಿ ತಾಟೆ, ಅದರಲ್ಲಿ ಪಾದರಸ ಕಮ್ಮಿ. ಈಗ ಅಂಗಡಿಯಲ್ಲಿ ತುಂಡು ಮಾಡಿ ಇಟ್ಟದ್ದು ಎಷ್ಟು ದೊಡ್ಡ ತಾಟೆಯದ್ದು ಅಂತ ಹೇಗೆ ಹೇಳುವುದು? ಹಾಲಿಗೆ ಮೆಂತೆ ಗಂಜಿ ಇದೆಯಲ್ಲ ಅತ್ತೆ.

ಪ್ಲಾಸ್ಟಿಕ್ ಕಣದ ಬಗ್ಗೆ ಭಾವ ಹಿಂದೊಮ್ಮೆ ಕೇಳಿದ್ದರು. ಮೀನಿನಲ್ಲಿ ಅದು ಹೆಚ್ಚಾಗಿ ಸಿಗುವುದು ಹೊಟ್ಟೆ, ಕಿವಿರಿನಲ್ಲಿ, ನಾವು ಅದನ್ನು ತೆಗೆದು ಬಿಸಾಡುತ್ತೇವೆ. ಭಾವ ಹೋಟೆಲಿನಲ್ಲಿ ಆಸೆಪಟ್ಟು ತಿನ್ನುವ ಕೆಂಪು ಫಿಶ್ ಕಬಾಬ್ ಬಗ್ಗೆ ಜಾಸ್ತಿ ಯೋಚಿಸಲಿ. 2024ರ ಜೂನ್‌ನಲ್ಲಿ ನಮ್ಮ ಸರಕಾರವೇ ಕಬಾಬಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿದೆ.

ಕೊನೆಗೆ ಮರುವಾಯಿ, ಹೊಳೆಯ ಚಿಪ್ಪಿನ ಜೀವಿ. ಇದಕ್ಕೆ ಮಾತ್ರ ನಾನು ಹೆದರುತ್ತೇನೆ. ಮರುವಾಯಿ, ನೀಲಿಕಲ್ಲು ಇವು ನೀರನ್ನು ಸೋಸಿ ಬದುಕುವ ಜಾತಿ, ನೀರಲ್ಲಿ ಇದ್ದದ್ದೆಲ್ಲ ಒಳಗೆ ಸೇರುತ್ತದೆ. ಕೆಲವೊಮ್ಮೆ ವಿಷದ ಪಾಚಿ ಹೆಚ್ಚಾದಾಗ ಅದರ ವಿಷವೂ ಸೇರುತ್ತದೆ, ಕುದಿಸಿದರೆ ಸಾಯುವಂಥದ್ದಲ್ಲ. 1983ರಲ್ಲಿ ಕುಂಬಳೆ ಹೊಳೆಯ ಮರುವಾಯಿ ತಿಂದು ಒಬ್ಬ ಹುಡುಗ ತೀರಿಕೊಂಡಿದ್ದ. 1997ರಲ್ಲಿ ಕೇರಳದ ವಿಳಿಂಜದಲ್ಲಿ ನೀಲಿಕಲ್ಲಿನ ಜಾತಿಯ ಕಲ್ಲುಮ್ಮಕಾಯಿ ತಿಂದು 7 ಜನ ಹೋದರು. ಅಪರೂಪ, ವರ್ಷ ವರ್ಷ ಆಗುವುದಲ್ಲ, ಹಾಗಂತ ಗಸಿ ಮಾಡುವುದನ್ನೇ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಹೊಳೆಯ ನೀರಿನ ಬಣ್ಣ ಬದಲಾಗಿದ್ದರೆ, ಮೀನು ಸತ್ತು ತೇಲುತ್ತಿದ್ದರೆ, ಮೇಲೆ ಚರಂಡಿ ಬಂದು ಸೇರುವ ಜಾಗ ಆಗಿದ್ದರೆ ಅಲ್ಲಿನ ಮರುವಾಯಿ ತರಬೇಡಿ. ತಿಂದ ಮೇಲೆ ತುಟಿ, ನಾಲಿಗೆ, ಬೆರಳ ತುದಿ ಜುಮ್ ಅಂತ ಮರಗಟ್ಟಲು ಶುರುವಾದರೆ ಲಿಂಬೆ ನೀರು, ಮಜ್ಜಿಗೆ ಅಂತ ಮನೆಯಲ್ಲಿ ಕೂರಬೇಡಿ, ಆ ವಿಷ ಉಸಿರನ್ನೇ ನಿಲ್ಲಿಸುತ್ತದೆ. ಗ್ರೂಪಿನಲ್ಲೂ ಕೇಳಬೇಡಿ, ನಾನು ಡ್ಯೂಟಿಯಲ್ಲಿ ಫೋನ್ ನೋಡುವುದಿಲ್ಲ. ಸೀದಾ ಗಾಡಿ ತೆಗೆದು ದೊಡ್ಡ ಆಸ್ಪತ್ರೆಗೆ ಹೋಗಿ, ತಿಂದದ್ದು ಉಳಿದಿದ್ದರೆ ಒಂದು ಡಬ್ಬದಲ್ಲಿ ಹಾಕಿಕೊಂಡು ಹೋಗಿ.