ಪದಚರ್ಚೆ: ಬಿಳಿ ಹಾವಿನ ಕಥೆಯ ‘ಯಾವ್’ಗೆ ಕನ್ನಡದ ಪದ ಬೇಕಾಗಿದೆ

ಪ್ರಶ್ನೆ

ಮಾನ್ಯರೇ,

ಚೀನಾದ ಹಾಂಗ್‌ಝೌ ನಗರದ ಪಶ್ಚಿಮ ಸರೋವರದ ದಡದಲ್ಲಿ ನಡೆಯುವ ಬಿಳಿ ಹಾವಿನ ದಂತಕಥೆಯನ್ನು, ಊರನ್ನೂ ಹೆಸರುಗಳನ್ನೂ ಬದಲಿಸದೆ, ಇಂದಿನ ಕಾಲದ ಪ್ರೇಮದ ಹಾಸ್ಯನಾಟಕವಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಾವಿರ ವರ್ಷ ಸಾಧನೆ ಮಾಡಿ ಹೆಣ್ಣಿನ ರೂಪ ಪಡೆದ ಬಾಯ್ ಸೂಜೆನ್ ಎಂಬ ಹಾವು, ಮಳೆಯಲ್ಲಿ ಕೊಡೆ ಕೊಟ್ಟ ಶೂ ಶಿಯೆನ್ ಎಂಬ ಯುವಕನನ್ನು ಮದುವೆಯಾಗುವುದು, ಇಬ್ಬರೂ ಔಷಧದ ಅಂಗಡಿ ಇಡುವುದು, ಫಾಹಾಯ್ ಎಂಬ ಭಿಕ್ಷು ಅವಳ ಗುಟ್ಟು ರಟ್ಟು ಮಾಡಿ ಲೇಫಂಗ್ ಗೋಪುರದ ಅಡಿಯಲ್ಲಿ ಬಂಧಿಸುವುದು ಮೂಲದ ಎಳೆ. ಆ ಗೋಪುರ 1924ರಲ್ಲಿ ಕುಸಿದುಬಿತ್ತು. 2002ರಲ್ಲಿ ಅದನ್ನು ಮರಳಿ ಕಟ್ಟಿದರು. ಕುಸಿತದಿಂದ ಬಿಡುಗಡೆಯಾದವಳು ಇಂದು ಅದೇ ಊರಿನಲ್ಲಿ ಅದೇ ಹೆಸರಿನ ಔಷಧದಂಗಡಿಯವನಿಗೆ ಮನಸೋಲುವುದು ನನ್ನ ವಸ್ತು. ಫಾಹಾಯ್ ಈಗ ಅವರಿರುವ ವಸತಿ ಸಮುಚ್ಚಯದ ಮೇಲ್ವಿಚಾರಕ.

ತೊಡಕು ‘ಯಾವ್’ ಎಂಬ ಚೀನೀ ಪದದಲ್ಲಿದೆ. ಹಾವು, ನರಿ, ಮೀನು, ಮರಗಳು ದೀರ್ಘಕಾಲದ ಸಾಧನೆಯಿಂದ ಮನುಷ್ಯರೂಪ ತಾಳಿದರೆ ಅವನ್ನು ಹಾಗೆನ್ನುತ್ತಾರೆ. ಅದು ದೇವತೆಯೂ ಅಲ್ಲ, ಸತ್ತವರ ಪ್ರೇತವೂ ಅಲ್ಲ. ಪದವನ್ನು ಹಾಗೆಯೇ ತರೋಣವೆಂದರೆ ಕನ್ನಡದ ಕಿವಿಗೆ ‘ಯಾವ’ ಎಂಬ ಪ್ರಶ್ನೆಯೇ ಕೇಳಿಸುತ್ತದೆ.

ಐದನೆಯ ಚಾಂದ್ರಮಾಸದ ಐದನೆಯ ದಿನ ಬರುವ ದ್ವಾನ್‌ವೂ ಹಬ್ಬದಲ್ಲಿ, ಮನಃಶಿಲೆ ಎಂಬ ಖನಿಜ ಬೆರೆಸಿದ ಮದ್ಯ ಕುಡಿದು ಅವಳು ಹಾವಾಗಿಬಿಡುವ ಪ್ರಸಂಗ ಮೂಲದಲ್ಲಿ ಭಯಾನಕವಾದದ್ದು. ಗಂಡ ಕಂಡ ಹೆದರಿಕೆಗೇ ಪ್ರಾಣ ಬಿಡುತ್ತಾನೆ. ನನ್ನ ನಾಟಕದಲ್ಲಿ ಎಲ್ಲವನ್ನೂ ಮೊದಲೇ ಬಲ್ಲ ಶೂ ಶಿಯೆನ್, ಫಾಹಾಯ್ ಒತ್ತಾಯದಿಂದ ಸುರಿದ ಆ ಮದ್ಯದ ಬಟ್ಟಲನ್ನು ಸದ್ದಿಲ್ಲದೆ ಬದಲಿಸಿ, ಆ ಊರಿನದೇ ಲೊಂಗ್‌ಜಿಂಗ್ ಚಹಾ ಇಡುತ್ತಾನೆ. ಅವಳು ಗಟಗಟನೆ ಕುಡಿದು ಹೆಣ್ಣಾಗಿಯೇ ಕೂತಿರುವುದನ್ನು ಕಂಡ ಫಾಹಾಯ್ ‘ಇವಳು ಯಾವ್!’ ಎಂದು ಕೂಗುತ್ತಾನೆ. ಶೂ ಶಿಯೆನ್ ‘ಹೌದು, ನನ್ನ ಯಾವ್’ ಎನ್ನುತ್ತಾನೆ. ಒಂದೇ ಪದ ಒಬ್ಬನ ಬಾಯಲ್ಲಿ ಬೈಗುಳವಾಗಿ, ಇನ್ನೊಬ್ಬನ ಬಾಯಲ್ಲಿ ಮುದ್ದಾಗಿ ಕೇಳಬೇಕು. ನಾಗಿಣಿ, ಮೋಹಿನಿ, ಪಿಶಾಚಿ ಮೂರನ್ನೂ ನಟರಿಂದ ಆಡಿಸಿ ನೋಡಿದೆ, ಯಾವುದೂ ಹೊಂದಲಿಲ್ಲ. ಶೀರ್ಷಿಕೆಯಲ್ಲಿಯೂ ಇದೇ ಪದ ಬರುವುದರಿಂದ, ಭಿತ್ತಿಪತ್ರ ಶುಕ್ರವಾರ ಅಚ್ಚಿಗೆ ಹೋಗುವ ಮುನ್ನ ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನಾಗಿಣಿಯನ್ನು ಕೈಬಿಟ್ಟದ್ದು ಒಳ್ಳೆಯದಾಯಿತು, ಏಕೆಂದರೆ ಆ ರೂಪವೇ ಅಶುದ್ಧ. ಸಂಸ್ಕೃತದಲ್ಲಿ ಹಿಂದೆ ಋಕಾರ, ರೇಫ (ರಕಾರ), ಷಕಾರಗಳಿಲ್ಲದೆ ಣತ್ವ, ಅಂದರೆ ನಕಾರ ಣಕಾರವಾಗುವುದು, ಬರುವುದಿಲ್ಲ. ಯಕ್ಷಿಣಿಯಲ್ಲಿ ಷಕಾರವಿದೆ, ಕಾಮರೂಪಿಣಿಯಲ್ಲಿ (ಬೇಕಾದ ರೂಪ ತಾಳುವವಳು) ರೇಫವಿದೆ. ನಾಗಿನಿಯಲ್ಲಿ ಯಾವುದೂ ಇಲ್ಲ. ಯಕ್ಷಿಣಿಯನ್ನು ನೋಡಿ ಬರೆದ ತಪ್ಪು, ಅಚ್ಚಾಗಿ ಅಚ್ಚಾಗಿ ಸರಿಯೆಂಬ ಮರ್ಯಾದೆ ಪಡೆದಿದೆ.

ಆದರೆ ಇದಕ್ಕಾಗಿ ಸಂಸ್ಕೃತದ ಬಾಗಿಲಿಗೆ ಹೋಗುವ ಅಗತ್ಯವೇ ಇಲ್ಲ. ಹಾವು, ಅಂದರೆ ಹಳಗನ್ನಡದ ಪಾವು, ನಮ್ಮದೇ ಪದ. ತಮಿಳಿನ ಪಾಂಬು, ತೆಲುಗಿನ ಪಾಮು ಅದರ ಒಡಹುಟ್ಟಿದವು. ಅದನ್ನು ಬಿಳಿ ಎಂಬರ್ಥದ ಬೆಳ್ ಎಂಬುದರೊಡನೆ ಸೇರಿಸಿದರೆ, ನೀರ್ವೊನಲ್ (ನೀರ್ + ಪೊನಲ್) ಎಂಬಲ್ಲಿ ಪಕಾರಕ್ಕೆ ವಕಾರ ಬಂದಂತೆ, ಬೆಳ್ವಾವು ಆಗುತ್ತದೆ. ಶೀರ್ಷಿಕೆಗೆ ಅದಿರಲಿ. ಸಂಭಾಷಣೆಯಲ್ಲಿ ‘ಪೊರೆಗಾತಿ’ ಎನ್ನಿ: ಪೊರೆ ಕಳಚಿ ರೂಪ ಬದಲಿಸಿದವಳು. ಹಾವಿನ ಗುರುತು ಉಳಿಯುತ್ತದೆ, ಎರವಲು ತಪ್ಪುತ್ತದೆ.

ಎರಡನೆಯ ಉತ್ತರ

ರಂಗದ ಮೇಲೆ ಆಡಿದ ಕ್ಷಣವೇ ತಿಳಿಯದ ಪದ ನಾಟಕಕ್ಕೆ ಬೇಡ. ಪೊರೆ ಎಂದೊಡನೆ ಇಂದಿನ ಪ್ರೇಕ್ಷಕರಿಗೆ ನೆನಪಾಗುವುದು ಕಣ್ಣಿನ ಪೊರೆ. ಕಾಮರೂಪಿಣಿಯಲ್ಲಿ ಅವರಿಗೆ ಕೇಳಿಸುವುದು ಕಾಮವೊಂದೇ.

ನಾಗಿಣಿ ಇಲ್ಲಿ ಹೊಂದದಿರುವುದಕ್ಕೆ ಣಕಾರ ಕಾರಣವಲ್ಲ. ಜನರ ಬಾಯಲ್ಲಿ ನಿಂತ ರೂಪಕ್ಕೆ ಪಾಣಿನಿಯ ಒಪ್ಪಿಗೆ ಬೇಕಾಗಿಲ್ಲ. ನಮ್ಮಲ್ಲಿ ನಾಗ ಎಂದರೆ ಹೆಡೆಯ ಹಾವು. ಜೊತೆಯಲ್ಲೇ ನಾಗಬನ, ನಾಗರಪಂಚಮಿ, ತನಿ ಎರೆಯುವುದು ಎಲ್ಲವೂ ಬರುತ್ತವೆ. ಕೈಮುಗಿಯುವ ಹೆಸರಿನಿಂದ ಫಾಹಾಯ್ ಬೈಯುವುದು ಹೇಗೆ? 1624ರಲ್ಲಿ ಫಂಗ್ ಮಂಗ್‌ಲೊಂಗ್ ಪ್ರಕಟಿಸಿದ ಕಥೆಯಲ್ಲಿ ಅವಳು ತಾನು ಹೆಬ್ಬಾವೆಂದೇ ಒಪ್ಪಿಕೊಳ್ಳುತ್ತಾಳೆ. ಅವಳ ಸೇವಕಿ, ಮುಂದೆ ಹಸಿರು ಹಾವೆಂದು ಹೆಸರಾದವಳು, ಅಲ್ಲಿ ಸರೋವರದ ಮೀನು. ಹಾಗಾಗಿ ಮೀನಿಗೂ ಸಲ್ಲುವ ಪದವೇ ಬೇಕು. ಬೆಳ್ವಾವು, ಪೊರೆಗಾತಿ ಎರಡೂ ಅಲ್ಲಿಗೇ ಬಿದ್ದುಹೋಗುತ್ತವೆ.

‘ಮಾಯಗಾತಿ’ ಎನ್ನಿ. ನೆರೆಯವಳು ಕೈ ತಿರುವಿ ಆಡಿದರೆ ಅದು ಬೈಗುಳ, ಒಲಿದವನು ಆಡಿದರೆ ಮುದ್ದು. ‘ಇವಳು ಮಾಯಗಾತಿ!’ ‘ಹೌದು, ನನ್ನ ಮಾಯಗಾತಿ.’ ತಮ್ಮ ದೃಶ್ಯ ಕೇಳುತ್ತಿರುವುದು ಇದನ್ನೇ. ಗಾತಿ ಬಂದದ್ದು ಗಾರದಿಂದ, ಗಾರ ಬಂದದ್ದು ಸಂಸ್ಕೃತದ ಕಾರದಿಂದ. ಪೊರೆಗಾತಿಯನ್ನು ಅಚ್ಚಗನ್ನಡವೆಂದವರು ಅದನ್ನೂ ಗಮನಿಸಬೇಕಿತ್ತು.

ಮೊದಲ ಉತ್ತರ ಬರೆದವರು

ತಪ್ಪು. ಹಳಗನ್ನಡದಲ್ಲಿ ಈ ಪ್ರತ್ಯಯವನ್ನು ಗಾಱ ಎಂದು ಶಕಟರೇಫದಿಂದ, ಅಂದರೆ ಱ ಎಂಬ ಹಳೆಯ ಅಕ್ಷರದಿಂದ, ಬರೆದಿರುವುದುಂಟು. ಸಂಸ್ಕೃತದ ಕಾರದಲ್ಲಿ ಅದಕ್ಕೆ ಎಡೆಯಿಲ್ಲ. ಓದಿಕೊಂಡು ಬರೆಯುವುದು ಒಳ್ಳೆಯದು. ತಾವು ಸೂಚಿಸಿದ ಪದದಲ್ಲಿ ಗಾತಿ ಒಂದೇ ಕನ್ನಡ, ಮಾಯೆ ಸಂಸ್ಕೃತದ್ದು. ಹೊಸ ಪದ ಬೇಕಾದಾಗಲೆಲ್ಲ ಎರವಲಿಗೆ ಕೈಚಾಚುತ್ತ ಹೋದರೆ ಕನ್ನಡದ ಬೇರಿನಿಂದ ಪದ ಕಟ್ಟುವ ಅಭ್ಯಾಸವೇ ನಮಗೆ ತಪ್ಪಿಹೋಗುತ್ತದೆ. ನನ್ನ ಆಕ್ಷೇಪಕ್ಕೆ ಇದೊಂದೇ ಕಾರಣ; ಇದನ್ನು ನಾನು ಬಿಟ್ಟುಕೊಡುವುದಿಲ್ಲ.

ಎರಡನೆಯ ಉತ್ತರ ಬರೆದವರು

ಶಕಟರೇಫದ ವಾದ ಬೇರೆಯಾಗಿ ನಡೆಯಲಿ. ಎರವಲಿನ ಬಗ್ಗೆ ಮಾತ್ರ, ಇದೇ ಕಥೆಯ ಭಾಷೆಯನ್ನು ನೋಡಿ. ಚೀನೀಯರು ಭಿಕ್ಷುವನ್ನು ಕರೆಯುವ ‘ಸೆಂಗ್’ ಬಂದದ್ದು ನಮ್ಮ ‘ಸಂಘ’ ಎಂಬ ಪದದಿಂದ. ಯಾವ್‌ನೊಡನೆ ಒಂದೇ ಉಸಿರಿನಲ್ಲಿ ಬರುವ ‘ಮೋ’ ಬಂದದ್ದು ಬುದ್ಧನನ್ನು ಕಾಡಿದ ಮಾರನಿಂದ. ಅವರು ಅವನ್ನು ಎರವಲೆಂದು ಬೇರೆ ಇಟ್ಟಿಲ್ಲ. ಯಾವ್ ಮತ್ತು ಮೋ ಸೇರಿಸಿ ಒಂದೇ ಪದ ಮಾಡಿಕೊಂಡಿದ್ದಾರೆ. ಮಾಯೆಯೂ ಕನ್ನಡದಲ್ಲಿ ಹಾಗೆಯೇ ನೆಲೆಸಿದೆ. ‘ಎಲ್ಲಿ ಮಾಯವಾದೆ?’ ಎಂದು ಮಗುವನ್ನು ಕೇಳುವ ತಾಯಿ ಸಂಸ್ಕೃತ ಮಾತಾಡುತ್ತಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞಳಾಗಿದ್ದೇನೆ. ಮಾಯಗಾತಿಯನ್ನು ನಟರಿಂದ ಆಡಿಸಿದೆ. ಫಾಹಾಯ್ ಪಾತ್ರದವರು ‘ಗಾ’ ಎಂಬಲ್ಲಿ ಒತ್ತಿ ಹೇಳಿದರೆ ಬೈಗುಳವಾಗಿ ಕೇಳುತ್ತದೆ. ಶೂ ಶಿಯೆನ್ ಪಾತ್ರದವರು ‘ಮಾಯ’ವನ್ನು ಎಳೆದು ‘ಗಾತಿ’ಯನ್ನು ಹಗುರವಾಗಿ ಬಿಟ್ಟರೆ ಒಲವು ಕೇಳುತ್ತದೆ. ಮುಂದಿನ ದೃಶ್ಯದಲ್ಲಿ ಸೇವಕಿಯನ್ನೂ ಸೇರಿಸಿ ಫಾಹಾಯ್ ‘ಮಾಯಗಾತಿಯರು’ ಎಂದು ದೂರು ಬರೆಯುವುದಕ್ಕೂ ಇದು ಒದಗಿತು. ಪೊರೆಗಾತಿಯನ್ನು ಬಿಡಲಿಲ್ಲ, ಮದುವೆಗೆ ಮುಂಚೆ ಸೇವಕಿ ತನ್ನ ಒಡತಿಯನ್ನು ಛೇಡಿಸುವ ಮಾತಿನಲ್ಲಿ, ಪಕ್ಕದಲ್ಲೇ ಪೊರೆ ಕಳಚಿದ ಪ್ರಸಂಗ ಇರುವುದರಿಂದ, ಅದು ಸಲೀಸಾಗಿ ತಿಳಿಯುತ್ತದೆ.

ಒಂದು ಸಂಶಯ ಉಳಿದಿದೆ. ಕರಡು ತಿದ್ದುವವರು ಭಿತ್ತಿಪತ್ರದಲ್ಲಿ ‘ಮಾಯಾಗಾತಿ’ ಎಂದು ದೀರ್ಘ ಮಾಡಿದ್ದಾರೆ. ಸರಿಯೇ?

ಮೊದಲ ಉತ್ತರ ಬರೆದವರು

ಸರಿಯಲ್ಲ. ಮಾಯಾಜಾಲದಲ್ಲಿ ಎರಡೂ ಸಂಸ್ಕೃತ ಪದಗಳಾದ್ದರಿಂದ ದೀರ್ಘ ನಿಲ್ಲುತ್ತದೆ. ಗಾತಿ ಕನ್ನಡದ ಪ್ರತ್ಯಯ. ಮಾಯಗಾರ ಎಂಬಂತೆ ಮಾಯಗಾತಿ ಎಂದೇ ಆಗಬೇಕು. ದೀರ್ಘವನ್ನು ತೆಗೆಸಿ ಅಚ್ಚಿಗೆ ಕಳುಹಿಸಿ.